ಎಡೆಯ ಮೇಲೆ ಮೂರು ತಂತಿ

ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ ಹೋದಲ್ಲೆಲ್ಲ ನನಗೆ ಎದುರಾಗುತ್ತಿದ್ದುದು ಮೂರೇ ಪ್ರಶ್ನೆ. ಯಜಮಾನರು ಎಲ್ಲಿದ್ದಾರೆ? ಮದುವೆಯಾಗಿಲ್ಲ ಎಂದರೆ, ತಂದೆಯವರು? ತೀರಿಕೊಂಡರು ಎಂದರೆ, ಅಣ್ಣತಮ್ಮಂದಿರು? ಅವರೂ ಇಲ್ಲ ಎನ್ನುವ ಹೊತ್ತಿಗೆ ಬಾಗಿಲು ಅರ್ಧ ಮುಚ್ಚಿರುತ್ತಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮೂವತ್ತು ದಾಟಿದ, ಒಂಟಿಯಾದ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಪಾಳಿ ಕೆಲಸ ಮಾಡುವ ಹೆಂಗಸಿಗೆ ಊರಿನಲ್ಲಿ ಕೋಣೆ ಸಿಗುವುದಕ್ಕಿಂತ ಅರಮನೆಯೊಳಗೆ ಜಾಗ ಸಿಗುವುದು ಸುಲಭವಿತ್ತು.

ನಜರ್‌ಬಾದಿನ ಆ ಮನೆಯ ಒಡತಿ ಮಾತ್ರ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಬಾವಿಯಿಂದ ನೀರು ಸೇದಲು ಬರುತ್ತದೆಯೇ ಎಂದು ಕೇಳಿದರು. ಬರುತ್ತದೆ ಎಂದೆ. ಹಾಗಾದರೆ ತಾರಸಿಯ ಮೇಲಿನ ಕೋಣೆಗೆ ನಾಳೆಯೇ ಬಾ ಎಂದರು. ಅವರು ನಗರದ ಆಚೆಯ ಹಳ್ಳಿಯೊಂದರ ಒಕ್ಕಲು ಮನೆತನದವರು. ಗಂಡ ಸೌದೆ, ಮರದ ಮಂಡಿ ನಡೆಸಿ ಈ ಮನೆ ಕಟ್ಟಿಸಿ, ನಾನು ಹೋಗುವುದಕ್ಕೆ ಎರಡು ವರ್ಷ ಮೊದಲು ತೀರಿಕೊಂಡಿದ್ದರು. ಈಗ ಮಂಡಿಯನ್ನು ಮಗ ನೋಡಿಕೊಳ್ಳುತ್ತಿದ್ದ. ಕೆಳಗೆ ಅವರು, ಮಗ, ಸೊಸೆ, ಮೊಮ್ಮಕ್ಕಳು. ಮೇಲೆ ನಾನು, ನನ್ನ ಕೋಣೆಯ ಮುಂದೆ ಇಡೀ ತಾರಸಿ. ಆ ತಾರಸಿ ನನ್ನದಲ್ಲ, ಬೇಸಿಗೆಯಲ್ಲಿ ಅವರ ಸಂಡಿಗೆ ಹಪ್ಪಳದ್ದು ಎಂಬುದನ್ನು ಮೊದಲ ದಿನವೇ ಹೇಳಿದ್ದರು.

ನನ್ನ ಪೆಟ್ಟಿಗೆಗಳು ಮೇಲೆ ಹೋಗುವಾಗ ಅವುಗಳಲ್ಲೊಂದು ವಿಪರೀತ ಭಾರವಿದ್ದುದನ್ನು ಅವರು ಗಮನಿಸಿದರು. ಅದು ಮಹಾಯುದ್ಧ ಮುಗಿದ ಮೇಲೆ ಗುಜರಿಗೆ ಬಂದ ಮಿಲಿಟರಿ ರೇಡಿಯೊ ರಿಸೀವರು. ಅದರ ಜೊತೆಗೆ, ಎರಡು ವರ್ಷ ಕೂತು ನಾನೇ ಬೆಸುಗೆ ಹಾಕಿ ಕಟ್ಟಿದ ಪುಟ್ಟ ಟ್ರಾನ್ಸ್‌ಮಿಟರು. ಇದರಲ್ಲಿ ಹಾಡು ಬರುತ್ತದೆಯೇ ಎಂದು ಕೇಳಿದರು. ಬರುವುದಿಲ್ಲ, ಬರೀ ಟಕ್ಕಟಕ್ಕ ಎಂದೆ. ವಾರ್ತೆ? ಅದೂ ಇಲ್ಲ. "ಆಡೂ ಬರಾಕಿಲ್ಲ, ಸುದ್ದೀನೂ ಬರಾಕಿಲ್ಲ. ಮತ್ಯಾಕಮ್ಮಿ ಈ ಕಲ್ಲು ಒರೋದು?" ಎಂದು ನಕ್ಕರು.

ಯಾಕೆ ಎಂದರೆ, ನನ್ನ ತಂದೆ ಸಣ್ಣ ಸ್ಟೇಷನ್ನೊಂದರ ಮಾಸ್ತರರಾಗಿದ್ದರು. ಗಂಡುಮಕ್ಕಳಿಲ್ಲದ ಅವರು ತಂತಿಯ ಟಕ್ಕಟಕ್ಕ ಭಾಷೆಯನ್ನು ಅಕ್ಷರ ಕಲಿಸುವ ಮೊದಲೇ ನನಗೆ ಡಬ್ಬಿ ಮುಚ್ಚಳದ ಮೇಲೆ ಬಡಿದು ಕಲಿಸಿದ್ದರು. ಯಾಕೆ ಎಂದರೆ, ಎಕ್ಸ್‌ಚೇಂಜಿನಲ್ಲಿ ದಿನಕ್ಕೆ ನೂರಾರು ಜನರ ಮಾತನ್ನು ಜೋಡಿಸುತ್ತಿದ್ದ ನನಗೆ ಆಡಲು ಅಪ್ಪಣೆ ಇದ್ದದ್ದು ಮೂರೋ ನಾಲ್ಕೋ ವಾಕ್ಯ. ಊರಿನ ಮಾತೆಲ್ಲ ನನ್ನ ಬೆರಳ ತುದಿಯಲ್ಲಿ ಹಾದುಹೋಗುತ್ತಿತ್ತು, ಒಂದೂ ನನ್ನದಲ್ಲ. ಹಾಗಾಗಿ ಮನೆಯಲ್ಲೇ ಕೂತು ದೂರದೇಶದವರೊಡನೆ ಮಾತಾಡಲು ಬಿಡುವ ಹವ್ಯಾಸಿ ರೇಡಿಯೊ ಲೈಸೆನ್ಸಿಗೆ ಅರ್ಜಿ ಹಾಕಿದೆ. ಪರೀಕ್ಷೆಯ ದಿನ ಅಧಿಕಾರಿಯೊಬ್ಬರು ಅರ್ಜಿದಾರರು ಬರಲಿಲ್ಲವೇ ಎಂದು ನನ್ನನ್ನೇ ಕೇಳಿದರು. ನಾನು ಉತ್ತರ ಕೊಡದೆ ತಂತಿ ಬಡಿಯುವ ಕೀಲಿಯ ಮುಂದೆ ಕೂತು ಬಡಿಯತೊಡಗಿದೆ. ಅರ್ಧಕ್ಕೇ ಅವರು ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ನಿಧಾನವಾಗಿ ಎಂದರು. ಆ ಮಾತನ್ನು ನಾನು ಇಂದಿಗೂ ಸರ್ಟಿಫಿಕೇಟಿಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದೇನೆ.

ಲೈಸೆನ್ಸು ಬಂತು, ತಂತಿ ಬೇಕಿತ್ತು. ಗಾಳಿಯಲ್ಲಿ ಎತ್ತರಕ್ಕೆ ಕಟ್ಟಿದ ತಂತಿ ಇಲ್ಲದಿದ್ದರೆ ಎಂಥ ಪೆಟ್ಟಿಗೆಯೂ ಬಾಯಿ ಕಟ್ಟಿದ ಮಡಕೆಯೇ. ನನಗೆ ಮೂರು ಬ್ಯಾಂಡುಗಳ, ಅಂದರೆ ಮೂರು ಅಲೆಯುದ್ದಗಳ ಮೇಲೆ ಕಣ್ಣಿತ್ತು. ನಲವತ್ತು ಮೀಟರಿನದು ನೆರೆಹೊರೆಗೆ, ಇಪ್ಪತ್ತರದು ಸಮುದ್ರದಾಚೆಗೆ, ಹತ್ತರದು ಸೂರ್ಯನ ಮರ್ಜಿ ಇದ್ದ ದಿನಕ್ಕೆ. ಒಂದೊಂದಕ್ಕೂ ಒಂದೊಂದು ತಂತಿ ಕಟ್ಟುವಷ್ಟು ಜಾಗ ಯಾರ ಮನೆಯಲ್ಲಿದೆ? ಅದಕ್ಕೆ ಉಪಾಯವಿತ್ತು. ಮೂರು ಅಳತೆಯ ತಂತಿಗಳನ್ನು ನಡುವಿನ ಒಂದೇ ಬಿಂದುವಿಗೆ ಸೇರಿಸಿ, ಉದ್ದನೆಯದು ಮೇಲೆ, ಗಿಡ್ಡನೆಯವು ಅದರ ಕೆಳಗೆ ಜೋತುಬೀಳುವಂತೆ ಕಟ್ಟುವುದು. ಎಲ್ಲಕ್ಕೂ ಸೇರಿ ಕೋಣೆಗೆ ಇಳಿಯುವ ವೈರು ಒಂದೇ. ದೀಪಕ್ಕೆ ಹಾಕುವ ಎರಡೆಳೆಯ ಹುರಿ ವೈರೇ ಅದಕ್ಕೆ ಸಾಕಾಯಿತು. ತಂತಿ ತಂತಿಗೆ ತಾಗದಿರಲಿ ಎಂದು ನಡುನಡುವೆ ಬಿದಿರಿನ ಕಡ್ಡಿಗಳನ್ನು ಮೇಣದಲ್ಲಿ ಅದ್ದಿ ಕಟ್ಟಿದೆ. ಕರೆಂಟು ಹಗ್ಗಕ್ಕೆ ಸೋರದಿರಲಿ ಎಂದು ತುದಿಗಳಿಗೆ ಔಷಧಿ ಶೀಶೆಗಳ ಕತ್ತು. ತಾಮ್ರದ ತಂತಿ ತಂದದ್ದು ಮೋಟಾರು ಸುತ್ತುವ ಅಂಗಡಿಯಿಂದ.

ಅಳತೆಯಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾವ ದೇಶದ ಹವ್ಯಾಸಿಯೂ ಮಾಡಿರಲಾರ. ನಡುವಿನಿಂದ ಒಂದೊಂದು ಬದಿಗೆ ಮೂವತ್ತಮೂರು ಅಡಿ, ಹದಿನಾರೂವರೆ, ಎಂಟೂಕಾಲು ಎಂದು ಪುಸ್ತಕ ಹೇಳುತ್ತಿತ್ತು. ಮೊಳಕ್ಕೆ ಒಂದೂವರೆ ಅಡಿ ಎಂದು ಲೆಕ್ಕ ಹಾಕಿದರೆ ಇಪ್ಪತ್ತೆರಡು ಮೊಳ, ಹನ್ನೊಂದು ಮೊಳ, ಐದೂವರೆ ಮೊಳ. ಅರ್ಧ, ಅರ್ಧದ ಅರ್ಧ. ಎಷ್ಟು ಸಲೀಸು! ಟೇಪು ಯಾಕೆ ಎಂದು ತಾರಸಿಯ ಮೇಲೆ ಕೂತು ಮಲ್ಲಿಗೆ ದಂಡೆ ಅಳೆದ ಹಾಗೆ ಮೊಳ ಹಾಕಿ ಕತ್ತರಿಸಿಬಿಟ್ಟೆ. ಕಟ್ಟಿ ನೋಡಿದರೆ ಶಕ್ತಿ ಹೋಗುತ್ತಿದೆಯೇ ಎಂದು ತೋರಿಸಲು ಸಿಕ್ಕಿಸಿದ್ದ ಟಾರ್ಚಿನ ಬಲ್ಬು ಕಣ್ಣು ಬಿಡಲೇ ಇಲ್ಲ. ಎರಡು ದಿನ ತಲೆ ಕೆರೆದುಕೊಂಡೆ. ಮೂರನೆಯ ದಿನ ಒಡತಿ ಮೇಲೆ ಬಂದು, ನನ್ನ ಮೊಳಕೈ ಹಿಡಿದು ಪಕ್ಕದಲ್ಲಿ ತಮ್ಮದನ್ನು ಇಟ್ಟರು. ಅವರು ಎತ್ತರದ ಹೆಂಗಸು. ನನ್ನ ಮೊಳ ಅವರದಕ್ಕಿಂತ ಎರಡು ಬೆರಳು ಗಿಡ್ಡ. "ಊವಾಡಗಿತ್ತಿ ಮೊಳ ಕಣಮ್ಮಿ ನಿಂದು," ಎಂದರು. ಉದ್ದದ ತಂತಿಯೊಂದರಲ್ಲೇ ಮೂರು ಅಡಿಗೂ ಮಿಕ್ಕಿ ಖೋತಾ ಆಗಿತ್ತು. ಅವರೇ ಕೂತು ಅಳೆದುಕೊಟ್ಟರು, ನಾನು ತುಂಡು ಸೇರಿಸಿ ಬೆಸೆದೆ.

ಒಂದು ತುದಿಗೆ ತಾರಸಿಯ ಮೂಲೆಯಲ್ಲಿ ಬಿದಿರಿನ ಗಳ, ಇನ್ನೊಂದಕ್ಕೆ ಹಿತ್ತಲ ತೆಂಗಿನ ಮರ. ಮರ ಗಾಳಿಗೆ ತೂಗಿದರೆ ತಂತಿ ತುಂಡಾಗುತ್ತದೆ. ಅದಕ್ಕೆ ಬಾವಿಯ ಹಳೆಯ ರಾಟೆಯನ್ನು ಮರಕ್ಕೆ ಕಟ್ಟಿಸಿ, ಹಗ್ಗದ ಕೊನೆಗೆ ಒರಳಿನ ಸವೆದ ಗುಂಡುಕಲ್ಲನ್ನು ನೇತುಹಾಕಿದೆ. ಮರ ಬಾಗಿದರೆ ಕಲ್ಲು ಮೇಲೇರುವುದು, ನೆಟ್ಟಗಾದರೆ ಇಳಿಯುವುದು. ಹಗ್ಗ ಬಿಚ್ಚಿದರೆ ಎರಡೇ ನಿಮಿಷದಲ್ಲಿ ಇಡೀ ತಂತಿಯನ್ನು ಕೆಳಗಿಳಿಸಬಹುದಿತ್ತು. ಈ ಎರಡು ನಿಮಿಷದ ಮಾತು ಮುಂದೆ ದೊಡ್ಡ ಜಗಳವಾಯಿತು, ಅದಕ್ಕೇ ಹೇಳುತ್ತಿದ್ದೇನೆ.

ಬಲ್ಬು ಹೊತ್ತಿದ ಬೆಳಗ್ಗೆಯೇ ಉತ್ತರ ಬಂತು. ಕೊಲಂಬೊದ ಕಡೆಯ ಯಾರೋ ಒಬ್ಬರು, ಬಡಿತದಲ್ಲಿ ಸ್ವಚ್ಛವಾದ ಕೈ. ಆ ಲೋಕದ ವಾಡಿಕೆಯಂತೆ ನನ್ನನ್ನು ಮುದುಕಪ್ಪ ಎಂದು ಕರೆದರು. ಅಲ್ಲಿ ಎಲ್ಲರೂ ಎಲ್ಲರಿಗೂ ಮುದುಕಪ್ಪಂದಿರೇ. ಅಲ್ಲ, ನಾನು ಹೆಂಗಸು ಎಂದು ಬಡಿದೆ. ಕ್ಷಮೆ ಕೇಳಿದ ಮೇಲೆ ಅವರ ಮುಂದಿನ ಪ್ರಶ್ನೆ, ನಿಮ್ಮ ತಂತಿ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು. ಯಜಮಾನರು ಎಲ್ಲಿದ್ದಾರೆ ಎಂದು ಕೇಳಲಿಲ್ಲ. ನಾನು ಕೀಲಿ ಬಿಟ್ಟು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಕಣ್ಣೊರೆಸಿಕೊಂಡು ಮೂವತ್ತು ಅಡಿ ಎಂದು ಉತ್ತರ ಕಳಿಸಿದೆ.

ಅದು ಬೇಸಿಗೆ. ಮಳೆಗಾಲ ಕಳೆದು ಪಿತೃಪಕ್ಷ ಬಂತು. ಆ ಮನೆಯಲ್ಲಿ ಹಿರಿಯರ ಹಬ್ಬವೆಂದರೆ ದೊಡ್ಡ ಹಬ್ಬ. ಹೋದವರಿಗೆ ಏನೇನು ಇಷ್ಟವಿತ್ತೋ ಎಲ್ಲವನ್ನೂ ಅಟ್ಟು, ಎಡೆ ಇಟ್ಟು, ಧೂಪ ಹಾಕಿ, ಒಂದು ಎಲೆಯನ್ನು ತಾರಸಿಯ ಕೈಪಿಡಿ ಗೋಡೆಯ ಮೇಲೆ ಇಡುವುದು. ಮುದ್ದೆ, ಬಾಡು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡ ಹಾಗೆ. ಆಮೇಲೆಯೇ ಮನೆಯವರ ಊಟ. ಹಿಂದಿನ ವರ್ಷ ಎಲೆ ಇಟ್ಟು ಕೈ ಮುಗಿಯುವಷ್ಟರಲ್ಲಿ ಕಾಗೆ ಬಂದಿತ್ತಂತೆ. ಈ ಸಲ ಬರಲಿಲ್ಲ. ಹನ್ನೆರಡಾಯಿತು, ಎರಡಾಯಿತು, ನಾಲ್ಕಾಯಿತು. ಹುಡುಗರು ಹಸಿವಿಗೆ ಅತ್ತರು. ಕೊನೆಗೆ ಎಲೆಯಲ್ಲಿದ್ದ ವಡೆ ಕಜ್ಜಾಯವನ್ನು ಹಸುವಿಗೆ ಹಾಕಿ ಮನೆಯವರೆಲ್ಲ ಉಂಡರು. ಒಡತಿ ಮಾತ್ರ ಆ ದಿನ ನೀರೂ ಮುಟ್ಟಲಿಲ್ಲ. ಆದರೂ ನನಗೆಂದು ಬೇರೆ ಬಾಣಲೆಯಲ್ಲಿ ಕರಿದ ಕಜ್ಜಾಯವನ್ನು ಸೊಸೆಯ ಕೈಯಲ್ಲಿ ಕಳಿಸಿದ್ದರು. ನಾನು ಶಿವಾಚಾರದ ಮನೆಯವಳು, ಬಾಡಿನ ಬಾಣಲೆಯದು ತಿನ್ನುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಎರಡು ದಿನ ಬಿಟ್ಟು ಮೇಲೆ ಬಂದರು. ತಂತಿಯನ್ನು ನೋಡುತ್ತ ನಿಂತು, "ಸಂಡಿಗೆ ಒಣಗಾಕುವಾಗ ಒಂದೆಳೆ ಕರೀ ನೂಲು ಕಟ್ಟುದ್ರೆ ಸಾಕು, ಒಂದು ಕಾಗೇನೂ ಇಳಿಯಾಕಿಲ್ಲ. ನೀನು ಮೂರೆಳೆ ತಾಮ್ರ ಕಟ್ಟಿದೀಯ ಕಣಮ್ಮಿ," ಎಂದರು. ಬೈಯಲಿಲ್ಲ. ಬರುವ ವರ್ಷ ಹಬ್ಬದ ದಿನ ಒಂದು ಹೊತ್ತು ಇಳಿಸು, ಅಷ್ಟೇ ಎಂದರು.

ಅವರ ವಾದದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಂಡಿಗೆ ಕಾಯುವ ನೂಲನ್ನು ನಾನೇ ನೋಡಿದ್ದೆ. ಬಿದಿರಿನ ಕಡ್ಡಿಗಳ ನಡುವೆ ಎಳೆದು ಕಟ್ಟಿದ ನನ್ನ ತಂತಿ ಥೇಟು ಹಾಗೇ ಕಾಣುತ್ತಿತ್ತು. ತಪ್ಪು ಸಿಗದ್ದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಮನೆಗಳಲ್ಲಿ ಸತ್ತವರು ಲಿಂಗೈಕ್ಯರಾದರೆಂದರೆ ಮುಗಿಯಿತು, ಅವರಿಗೆ ಮತ್ತೆ ಹಸಿವಾಗುವುದಿಲ್ಲ. ಇನ್ನೊಬ್ಬರ ಹಿರಿಯರ ಹಸಿವಿಗೆ ನನ್ನ ತಂತಿ ಹೊಣೆಯೇ?

"ಇಳಿಸಲ್ಲ ಅಮ್ಮಾವ್ರೆ," ಎಂದೆ.

ಎರಡು ನಿಮಿಷದ ಕೆಲಸ, ಹಟ ಯಾಕೆ ಎಂದು ನೀವು ಕೇಳಬಹುದು. ಅವರೂ ಕೇಳಿದರು. ಎಕ್ಸ್‌ಚೇಂಜಿನಲ್ಲಿ ನನ್ನ ಗೆಳತಿಯರೂ ಕೇಳಿದರು. ಆದರೆ ನನ್ನ ಬದುಕಿನಲ್ಲಿ ಒಂದು ಹೊತ್ತಿಗೆಂದು ಇಳಿಸಿದ್ದು ಯಾವುದೂ ಮತ್ತೆ ಮೇಲೇರಿರಲಿಲ್ಲ. ಓದನ್ನು ಒಂದು ವರ್ಷ ನಿಲ್ಲಿಸು ಎಂದಿದ್ದರು, ಅದು ನಿಂತೇ ಹೋಯಿತು. ಸೈಕಲ್ಲನ್ನು ಹಬ್ಬ ಮುಗಿಯುವವರೆಗೆ ತುಳಿಯಬೇಡ ಎಂದಿದ್ದರು, ಅದು ಚಿಕ್ಕಪ್ಪನ ಮಗನ ಪಾಲಾಯಿತು. ಇಂದು ಕಾಗೆಗೆ ಹೆದರಿ ಇಳಿಸಿದರೆ ನಾಳೆ ಸಿಡಿಲಿಗೆ, ನಾಡಿದ್ದು ಯಾರದೋ ಮದುವೆ ಚಪ್ಪರಕ್ಕೆ. ಈಗಲೂ ಆ ಹಟಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ನಮ್ಮಿಬ್ಬರ ನಡುವೆ ಒಂದು ವರ್ಷ ಯುದ್ಧ ನಡೆಯಿತು. ನಾನು ಸಾಕ್ಷಿ ಕೂಡಿಹಾಕತೊಡಗಿದೆ. ಹವ್ಯಾಸಿಗಳು ಯಾರೊಡನೆ ಯಾವಾಗ ಮಾತಾಡಿದೆವೆಂದು ಬರೆದಿಡಲೇಬೇಕಾದ ಪುಸ್ತಕವೊಂದಿದೆ. ಅದರಲ್ಲಿ ಜಪಾನ್, ಇಟಲಿ, ಆಸ್ಟ್ರೇಲಿಯಾಗಳ ನಡುನಡುವೆ ಕಾಗೆಗಳನ್ನೂ ದಾಖಲಿಸಿದೆ. ಬೆಳಗ್ಗೆ ಏಳೂ ನಲವತ್ತು, ಮೇಲಿನ ತಂತಿಯಲ್ಲಿ ಎರಡು ಕಾಗೆ. ಸಂಜೆ ಐದೂ ಹತ್ತು, ಗಳದ ಮೇಲೆ ಒಂದು, ಹೆದರಿದಂತೆ ಕಾಣಲಿಲ್ಲ. ಇದನ್ನು ಒಯ್ದು ಒಡತಿಗೆ ಓದಿ ಹೇಳಿದೆ. ತಂತಿ ಮೇಲೆ ಕೂರುವುದು ಬೇರೆ, ತಂತಿ ಕೆಳಗೆ ಇಳಿಯುವುದು ಬೇರೆ ಎಂದು ಒಂದೇ ಮಾತಿಗೆ ನನ್ನ ವರ್ಷದ ಶ್ರಮವನ್ನು ಹೊಡೆದುಹಾಕಿದರು. ಅವರನ್ನು ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಮಾಡಬೇಕಿತ್ತು.

ಮಗ ಅಷ್ಟು ಸಾವಧಾನದವನಲ್ಲ. ಹಬ್ಬಕ್ಕೆ ಎಂಟು ದಿನವಿರುವಾಗ ಮೆಟ್ಟಿಲ ಬಳಿ ನನ್ನನ್ನು ತಡೆದು, ಹಬ್ಬದೊಳಗೆ ತಂತಿ ಇಳಿಯಬೇಕು, ಇಲ್ಲವಾದರೆ ಕೋಣೆ ಖಾಲಿ ಮಾಡಬೇಕು ಎಂದ. ಅವನ ತಾಯಿ ಒಳಗಿದ್ದರು, ಕೇಳಿಸಿಕೊಂಡರು, ಅಲ್ಲ ಎನ್ನಲಿಲ್ಲ. ತಂತಿಯನ್ನೂ ಇಳಿಸುವುದಿಲ್ಲ, ಕೋಣೆಯನ್ನೂ ಬಿಡುವುದಿಲ್ಲ ಎಂದು ನಾನು ಮೆಟ್ಟಿಲು ಹತ್ತಿದೆ. ಮಾತು ಮಾತ್ರ ಗಟ್ಟಿಯಾಗಿತ್ತು. ಆ ಕೋಣೆ ಹೋದರೆ ಮತ್ತೆ ಅರ್ಧ ಮುಚ್ಚಿದ ಬಾಗಿಲುಗಳೇ ಗತಿ. ತಂತಿ ಕಟ್ಟಲು ತಾರಸಿ ಕೊಡುವವರಂತೂ ಈ ಜನ್ಮದಲ್ಲಿ ಸಿಗುವುದಿಲ್ಲ.

ಹಬ್ಬದ ದಿನ ನನಗೆ ಬೆಳಗಿನ ಪಾಳಿ. ಎರಡೂವರೆಗೆ ಮನೆಗೆ ಬಂದಾಗ ತೆಂಗಿನ ಮರದಲ್ಲಿ ತಂತಿ ಇರಲಿಲ್ಲ. ಗುಂಡುಕಲ್ಲು ಹಿತ್ತಲ ಮಣ್ಣಿನಲ್ಲಿ ಹೂತುಕೊಂಡು ಬಿದ್ದಿತ್ತು. ಮೇಲೆ ಹೋದರೆ ಕತ್ತರಿಸಿದ ತಂತಿಗಳನ್ನು ಸುರುಳಿ ಸುತ್ತಿ ನನ್ನ ಬಾಗಿಲ ಮುಂದೆ ಇಟ್ಟಿದ್ದರು, ಕಿಟಕಿಯ ವೈರನ್ನೂ ಕಿತ್ತಿದ್ದರು. ನಾನು ಇಲ್ಲದ ಹೊತ್ತು ನೋಡಿ ಎಂಟು ಗಂಟೆಗೇ ಮಗ ಕತ್ತರಿ ಆಡಿಸಿದ್ದ.

ಹನ್ನೆರಡಕ್ಕೆ ಎಡೆ ಇಟ್ಟಿದ್ದಾರೆ. ತಂತಿ ಇಲ್ಲ, ನೂಲಿಲ್ಲ, ತಾರಸಿಯ ಮೇಲೆ ಬರೀ ಆಕಾಶ. ಕಾಗೆ ಬಂದಿಲ್ಲ. ಮಗ ಎಲೆಯ ಪಕ್ಕ ನಿಂತು ಕಾ ಕಾ ಎಂದು ಕರೆದು ಕರೆದು ಗಂಟಲು ಕಟ್ಟಿಸಿಕೊಂಡಿದ್ದ. ಬೀದಿಯ ಕರೆಂಟು ಕಂಬದ ಮೇಲೆ ಏಳೆಂಟು ಕಾಗೆಗಳು ಕೂತು ಅವನನ್ನು ನೋಡುತ್ತಿದ್ದವು. ಅವುಗಳ ತಪ್ಪೂ ಅಲ್ಲ. ಇಡೀ ಕೇರಿಯ ತಾರಸಿಗಳ ಮೇಲೆ ಅಂದು ಬಾಡೂಟ, ಒಂದು ಕಾಗೆ ಎಷ್ಟು ಮನೆಯಲ್ಲಿ ಉಂಡೀತು? ತಾರಸಿಗೆ ಹತ್ತುವ ಮೆಟ್ಟಿಲ ಮೇಲೆ ಒಡತಿ ಗೋಡೆಗೆ ಒರಗಿ ಕೂತಿದ್ದರು. ಹಿಂದಿನ ರಾತ್ರಿಯಿಂದ ಉಪವಾಸ, ತುಟಿ ಒಣಗಿತ್ತು.

ನನಗೆ ಅಳು ಬರಬೇಕಿತ್ತು, ನಗು ಬಂತು. ಸುರುಳಿಯನ್ನು ಎತ್ತಿ ಮಗನ ಮುಂದೆ ಹಿಡಿದು, ಈಗ ಯಾರ ತಪ್ಪು ಹೇಳಿ ಎಂದೆ. ಒಂದು ವರ್ಷ ಹೆದರಿದ ಕಾಗೆ ಒಂದೇ ದಿನಕ್ಕೆ ಮರೆತು ಬರುತ್ತದೆಯೇ ಎಂದ ಅವನು. ದೋಷ ತಂತಿಯದಲ್ಲವಂತೆ, ನನ್ನದಂತೆ. ಗಂಡು ದಿಕ್ಕಿಲ್ಲದ ಹೆಂಗಸನ್ನು ಹಿರಿಯರ ತಲೆಯ ಮೇಲೆ ಕೂರಿಸಿಕೊಂಡರೆ ಅವರು ಬಂದು ಉಣ್ಣುತ್ತಾರೆಯೇ? ನಾಳೆಯೇ ಸಾಮಾನು ಕಟ್ಟು ಎಂದ. ನಾನು ಬಾಯಿ ತೆರೆದೆ. ಲೈಸೆನ್ಸು, ಕಾನೂನು, ಪೊಲೀಸು ಎಂದೆಲ್ಲ ಹೇಳಬೇಕೆಂದಿದ್ದೆ.

"ಸುಮ್ಕಿರ್ಲಾ," ಎಂದರು ಒಡತಿ ಮಗನಿಗೆ.

ದನಿ ಏರಿಸಲಿಲ್ಲ. ಕೂತಲ್ಲಿಂದ ಏಳಲೂ ಇಲ್ಲ. "ನಿಮ್ಮಪ್ಪ ಬದ್ಕಿದ್ದಾಗ ಯಾವತ್ತು ಒತ್ತಿಗ್ ಸರಿಯಾಗಿ ಉಣ್ಣಾಕೆ ಬಂದಿದ್ರು, ಏಳು ನೋಡಾನ. ಮಂಡಿ ಅಂದ್ರು, ಇಸ್ಪೀಟು ಅಂದ್ರು, ಇನ್ನೆಲ್ಲೆಲ್ಲೋ ಓದ್ರು. ನಾನು ಮುದ್ದೆ ತಿರುವಿ ಮಡಗಿ, ಮೂವತ್ತು ವರ್ಸ ಇದೇ ಮೆಟ್ಲ ಮೇಲೆ ಅಸ್ಕೊಂಡು ಕಾದಿವ್ನಿ. ಆಗ ಯಾವ ತಂತಿ ಇತ್ಲಾ?"

ಮಗ ಎಲೆಯ ಕಡೆ ಮುಖ ತಿರುಗಿಸಿದ. ನನಗೆ ನಾಚಿಕೆಯಾಯಿತು. ಒಂದು ವರ್ಷ ನಾನು ಈ ಹೆಂಗಸಿನ ಎದುರು ಕಾಗೆ ಎಣಿಸಿದ್ದೆ. ಎದುರಿಗೆ ಕೂತು ಕಾಯುತ್ತಿದ್ದವರನ್ನು ಒಮ್ಮೆಯೂ ಸರಿಯಾಗಿ ನೋಡಿರಲಿಲ್ಲ. ನನ್ನ ಹಟಕ್ಕೆ ಸರ್ಕಾರದ ಮೊಹರಿನ ಕಾಗದದ ಬೆಂಬಲವಿತ್ತು. ಅವರಿಗೆ ಏನಿತ್ತು?

ಗೋಡೆ ಹಿಡಿದು ಎದ್ದು ಕೆಳಗಿಳಿದರು. ನಾವೂ ಹಿಂದೆಯೇ ಹೋದೆವು. ಅಡುಗೆ ಮನೆಯಲ್ಲಿ ತಾವೇ ಒಂದು ಎಲೆ ಹಾಕಿಕೊಂಡು ಕೂತು, ಬಡಿಸು ಎಂದರು. ಸೊಸೆ ಸೌಟು ಹಿಡಿದು ನಿಂತಲ್ಲೇ ನಿಂತಳು, ಕಾಗೆ ಇನ್ನೂ ಮುಟ್ಟಿಲ್ಲ ಅತ್ತೆ ಎಂದಳು. ಅವರು ಕೈ ಚಾಚಿ ಮುದ್ದೆಯನ್ನು ತಾವೇ ಎತ್ತಿಕೊಂಡರು. ಮಗ ಅಮ್ಮಾ ಎಂದ. ಅವರು ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿದರು. ಎರಡನೆಯ ತುತ್ತು ಮುರಿಯುತ್ತ, ಮುಖ ಎತ್ತದೆಯೇ ಮಗನಿಗೆ ಹೇಳಿದರು: "ಕುಯ್ದೋನು ನೀನು, ನೀನೇ ಕಟ್ಟು. ಇವ್ಳು ಈ ಮನೆ ಬುಟ್ಟು ಎಲ್ಗೂ ಓಗಾಕಿಲ್ಲ."

ಅವನು ಹಿತ್ತಲಿಗೆ ಹೋಗಿ ಮಣ್ಣಿನಿಂದ ಕಲ್ಲು ಕೀಳತೊಡಗಿದ. ಒಡತಿ ಉಣ್ಣುತ್ತಿದ್ದರು. ಆತುರವಿಲ್ಲದೆ, ಒಂದೊಂದೇ ತುಣುಕು ಆರಿಸಿಕೊಂಡು, ಹೊಟ್ಟೆ ತುಂಬ. ಅಷ್ಟರಲ್ಲಿ ಮೇಲಿದ್ದ ಮೊಮ್ಮಗಳು ಕೂಗಿಕೊಂಡು ಮೆಟ್ಟಿಲಿಳಿದು ಬಂದಳು. ಕಾಗೆ ಬಂದಿದೆ, ಎಲೆಗೆ ಬಾಯಿ ಹಾಕಿದೆ. ಸೊಸೆ ಸೌಟು ಬಿಟ್ಟು ಮೇಲಕ್ಕೆ ಓಡಿದಳು. ನಾನು ಒಡತಿಯ ಮುಖ ನೋಡಿದೆ. ಅವರು ತಲೆ ಎತ್ತಲಿಲ್ಲ.

"ತಿನ್ಲಿ ಬುಡು," ಎಂದರು. "ತಣ್ಣಗಾಗೈತೆ."

ಎಂದವರು ಸೌಟನ್ನು ತಾವೇ ತೆಗೆದುಕೊಂಡು ಎಲೆಗೆ ಇನ್ನಷ್ಟು ಬಿಸಿ ಸಾರು ಹಾಕಿಕೊಂಡರು.